ನಿಮಗಿದು ಗೊತ್ತೇ? ಮಣ್ಣು ಹೋಯ್ತು, ಲೆಕ್ಕ ಉಳೀತು

ಹುಬ್ಬಳ್ಳಿಯ ದೇಶಪಾಂಡೆ ನಗರ ಅಂದಕೂಡಲೇ ಊರಿನವರಿಗೆ ನೆನಪಾಗುವುದು ಸವಾಯಿ ಗಂಧರ್ವ ಹಾಲ್. ಅಲ್ಲಿ ರಾತ್ರಿ ಕಛೇರಿ ಮುಗಿದು, ತಂಬೂರಿ ಗವಸಿಗೆ ಸೇರಿ, ಓಣಿ ತಣ್ಣಗಾದ ಮೇಲೆ ಇನ್ನೊಂದು ಸ್ವರ ಕೇಳುತ್ತದೆ. ಸ್ಟೇಷನ್ ಕಡೆಯಿಂದ ಬರುವ ಗೂಡ್ಸ್ ಗಾಡಿಯ ಉದ್ದನೆ ಕೂಗು. ಈ ವಾರದ ಪ್ರಶ್ನೆಗಳೆಲ್ಲ ಆ ಗಾಡಿಯವೇ. ಅದರಲ್ಲಿ ಏನು ಹೋಯಿತು, ಎಲ್ಲಿಗೆ ಹೋಯಿತು, ಹೋದದ್ದಕ್ಕೆ ನಮ್ಮ ಕೈಗೆ ಏನು ಬಂತು? ನೆಲದೊಳಗಿನ ಸರಕು ಮಾರಿ ಬದುಕುವವೂ ಸೇರಿ ಎಲ್ಲ ದೇಶಗಳಿಗೆ 2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿ ಕೊಟ್ಟಿತು. ನೆಲ ತಾಳುವಷ್ಟೇ ತೆಗೆಯಬೇಕೆಂಬ ಪಾಠವನ್ನು ನಮ್ಮ ಸೀಮೆ ಆ ಪಟ್ಟಿ ಬರುವ ಮೊದಲೇ ಪೆಟ್ಟು ತಿಂದು ಕಲಿತಿತ್ತು.

ತಯಾರಿದ್ದೀರಾ? ಶುರು.

◆ ಲಿವರ್‌ಪೂಲಿನ ಹತ್ತಿ ಪೇಟೆಯಲ್ಲಿ ಧಾರವಾಡ ಸೀಮೆಯ ಹತ್ತಿಗೆ ‘ಕುಮಟಾ’ ಎಂದು ಹೆಸರಿತ್ತು. ಕುಮಟೆಯವರು ಹತ್ತಿ ಬೆಳೆಯುತ್ತಿದ್ದರು ಅಂದುಕೊಳ್ಳಬೇಡಿ. ಹುಬ್ಬಳ್ಳಿ, ನವಲಗುಂದ, ಗದಗಿನ ಎರೆಹೊಲದ ಅರಳೆ ಎತ್ತಿನ ಬೆನ್ನೇರಿ ಘಟ್ಟ ಇಳಿದು ಅಲ್ಲಿ ಹಡಗು ಹತ್ತುತ್ತಿತ್ತು, ಅಷ್ಟೇ. ಬೆಳೆದ ಊರಿನ ಹೆಸರು ಚೀಲದ ಮೇಲೂ ಬರಲಿಲ್ಲ.

◆ 1861ರಿಂದ 1865ರವರೆಗೆ ಅಮೆರಿಕದವರು ತಮ್ಮತಮ್ಮೊಳಗೆ ಬಡಿದಾಡಿಕೊಂಡರು. ಅತ್ತಣ ಹತ್ತಿ ನಿಂತು ಮ್ಯಾಂಚೆಸ್ಟರಿನ ಗಿರಣಿಗಳು ಹಸಿದವು, ಇತ್ತ ಧಾರವಾಡದ ರೈತನ ಹತ್ತಿಗೆ ಎಂದೂ ಕಾಣದ ದರ ಬಂತು. ಕಾರವಾರ ಬಂದರಿಗೆ ಸರಕಾರದ ಕಣ್ಣು ಬಿದ್ದದ್ದು, ಕೈಗಾ ಘಟ್ಟದ ರಸ್ತೆ ಕಡಿದದ್ದು ಆಗಲೇ. ಯುದ್ಧ ಮುಗಿಯಿತು, ದರ ಬಿತ್ತು. ರಸ್ತೆ ಉಳಿಯಿತು, ಸಾಲವೂ ಉಳಿಯಿತು. ಮುಂದೆ ಬರುವ ಕಬ್ಬಿಣದ ಅದಿರಿನ ಕಥೆಯನ್ನು ಇದಾದ ಮೇಲೆ ಓದಿದರೆ ಹಳೇ ಸಿನಿಮಾ ಮತ್ತೆ ನೋಡಿದಂತಿರುತ್ತದೆ.

◆ ಧಾರವಾಡದ ಕರ್ನಾಟಕ ಕಾಲೇಜಿನ ಹಳೆಯ ಕಟ್ಟಡ ಮೊದಲು ಕಾಲೇಜಾಗಿರಲಿಲ್ಲ. ಅದು ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿ. 1876–78ರ ಬರದಲ್ಲಿ ಜನ ಸತ್ತ ಮೇಲೆ ಈ ಭಾಗಕ್ಕೆ ಧಾನ್ಯ ಬರಲಿ ಎಂದು ಹಾಕಿದ ಹಳಿಗಳಿವು. ಹಳಿಗೆ ಎರಡು ದಿಕ್ಕು ಇರುತ್ತದಷ್ಟೆ. ಇತ್ತ ಧಾನ್ಯ ಬರುವ ದಾರಿಯಲ್ಲೇ ಅತ್ತ ಮುರ್ಗಾವ ಬಂದರಿಗೆ ಹತ್ತಿ ಹೋಯಿತು. ನೂರು ವರ್ಷದ ಮೇಲೆ ಅದೇ ದಾರಿಯಲ್ಲಿ ಅದಿರು.

◆ ಇಲ್ಲೊಂದು ಸಣ್ಣ ಹೆಮ್ಮೆ: ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ್ದು. 1,507 ಮೀಟರ್, ಉದ್ಘಾಟನೆ 2023ರ ಮಾರ್ಚ್ 12. ಬೋಗಿ ತಪ್ಪಾದ ಕಡೆ ನಿಂತರೆ ಹೆಮ್ಮೆ ಕಾಲಿಗೆ ಇಳಿಯುತ್ತದೆ.

◆ ‘ಡಚ್ ರೋಗ’ ಅಂದರೆ ಜ್ವರವಲ್ಲ. 1959ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಭಾರೀ ಅನಿಲ ಸಿಕ್ಕಿತು. ರಫ್ತಿನ ಹಣ ಹರಿದು ಬಂದು ಅವರ ನಾಣ್ಯ ದುಬಾರಿಯಾಯಿತು. ಉಳಿದ ಕಾರ್ಖಾನೆಗಳ ಮಾಲು ಹೊರಗೆ ಹೋಗದೆ ಸೊರಗಿತು. ಹೆಸರಿಟ್ಟದ್ದು 1977ರಲ್ಲಿ ‘ದಿ ಎಕಾನಮಿಸ್ಟ್’ ಪತ್ರಿಕೆ. ಅನಿಲ ತೆಗೆದ ನೆಲ ಕುಸಿದು ಭೂಕಂಪಗಳಾಗತೊಡಗಿ, 2023ರಲ್ಲಿ ಅಲ್ಲಿ ಅನಿಲ ಎತ್ತುವುದನ್ನೇ ನಿಲ್ಲಿಸಿದರು.

◆ ನಮ್ಮಲ್ಲಿ ಆ ರೋಗಕ್ಕೆ ಊರ ಹೆಸರು ಇಡಬೇಕಾದರೆ ಸಂಡೂರು ಅನ್ನಬೇಕು. ಕಬ್ಬಿಣದ ಮೇಲೆ ಕುಳಿತ ತಾಲೂಕು ಅದು. ಆದರೆ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ಹಿಂದುಳಿದ ತಾಲೂಕುಗಳಲ್ಲಿ 39ನ್ನು ‘ಅತ್ಯಂತ ಹಿಂದುಳಿದವು’ ಎಂದಿತು. ಸಂಡೂರು ಆ 39ರಲ್ಲಿ ಒಂದು. ಚೀನಾದ ಬೇಡಿಕೆ ಇನ್ನೂ ಬಾಗಿಲು ತಟ್ಟುವ ಮೊದಲಿನ ಲೆಕ್ಕ ಇದು. ಮುಂದೆ ಬೇಡಿಕೆ ಬಂತು, ದುಡ್ಡು ಬಂತು, ದುಡ್ಡಿನ ಜೊತೆ ಗಣಿ ಮಾಲೀಕರ ಹೆಲಿಕಾಪ್ಟರೂ ಬಂತು.

◆ ಆ ಕಾಲದಲ್ಲಿ ಒಂದು ಟನ್ ಅದಿರಿಗೆ ಸರಕಾರಕ್ಕೆ ಸಿಗುತ್ತಿದ್ದ ರಾಜಧನ ಎಷ್ಟು ಗೊತ್ತೇ? ಒಳ್ಳೇ ದರ್ಜೆಯದಕ್ಕೆ ಹೆಚ್ಚೆಂದರೆ 27 ರೂಪಾಯಿ. ಹೊರಗೆ ಅದೇ ಟನ್ನಿಗೆ ಸಾವಿರಗಳ ಲೆಕ್ಕದಲ್ಲಿ ಬೆಲೆ. ದರ ಏರಿದರೂ ರಾಜಧನ ಏರದಂತೆ ಟನ್ನಿಗಿಷ್ಟು ಅಂತ ಕಟ್ಟಿಹಾಕಿದ್ದರು. 2009ರ ಆಗಸ್ಟ್‌ನಲ್ಲಿ ಅದನ್ನು ಬೆಲೆಯ ಶೇ. 10ಕ್ಕೆ, 2014ರಲ್ಲಿ ಶೇ. 15ಕ್ಕೆ ಬದಲಿಸಿದರು. ಗಮನಿಸಿ, ಹಬ್ಬದ ಊಟದ ಬಹುಪಾಲು ಮುಗಿದ ಮೇಲೆ ಬಂದ ಬದಲಾವಣೆ ಇದು.

◆ ಇಲ್ಲಿ ಸ್ವಲ್ಪ ನಿಲ್ಲೋಣ. ಈ ಅಂಕಣದ ನಡುಮನೆ ಇದು.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮೊದಲಿನ ಕೆಲವು ವರ್ಷ ನಮ್ಮೂರಿನ ಬೈಪಾಸಿನಲ್ಲಿ ನಿಂತವರಿಗೆ ‘ಓರ್ ಲಾರಿ’ ಅಂದರೇನು ಎಂದು ಹೇಳಬೇಕಿಲ್ಲ. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆ. ಸಾಲು ಹಿಡಿದು ಇರುವೆಯಂತೆ. ತಾಡಪತ್ರಿ ಅರ್ಧ ಹಾರಿ, ಹಿಂದೆ ಬರುವ ಬೈಕಿನವನ ಅಂಗಿ ಕಾವಿಯಾಗುತ್ತಿತ್ತು. ರಸ್ತೆ ಬದಿಯ ಧಾಬಾದ ನೀರಿನ ಮಡಕೆಯೂ ಕೆಂಪು. ಕೊಪ್ಪಳದ ಕಡೆಯ ನನ್ನ ಸೋದರಮಾವನೊಬ್ಬ ಆಗ ಫೈನಾನ್ಸಿನಲ್ಲಿ ಎರಡು ಲಾರಿ ಹಾಕಿದ್ದ. ಒಮ್ಮೆ ಮನೆಗೆ ಬಂದಾಗ ಮುಷ್ಟಿಯಷ್ಟು ಕಲ್ಲೊಂದನ್ನು ನನ್ನ ಅಂಗೈಗೆ ಇಟ್ಟು, “ತೂಕ ನೋಡಲೇ ತಮ್ಮಾ, ಇದು ಕಲ್ಲಲ್ಲ, ಬರೇ ಕಬ್ಬಿಣ” ಅಂದ. ಸಾಧಾರಣ ಕಲ್ಲಿಗಿಂತ ಸುಮಾರು ಎರಡು ಪಟ್ಟು ಭಾರ. ಮೇಲೆ ಬೂದಿ-ನೀಲಿ ಹೊಳಪು, ಆದರೆ ಒರಟು ಹಂಚಿನ ಮೇಲೆ ಗೀರಿದರೆ ಗೆರೆ ಮಾತ್ರ ಕೆಂಪು. ಹೆಮಟೈಟ್ ಅದಿರಿನ ಗುರುತೇ ಅದು.

ಆ ಕಲ್ಲುಗಳೆಲ್ಲ ಹೋಗುತ್ತಿದ್ದುದು ಅಂಕೋಲೆ ಬಳಿಯ ಬೇಲೆಕೇರಿ ಎಂಬ ಸಣ್ಣ ಬಂದರಿಗೆ. ಪರ್ಮಿಟ್ ಇಲ್ಲದೆ ಬಂದ ಲಕ್ಷಾಂತರ ಟನ್ ಅದಿರನ್ನು 2010ರಲ್ಲಿ ಅಲ್ಲಿ ಜಪ್ತಿ ಮಾಡಿದರು. ಜಪ್ತಾದ ಅದಿರಿನಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಹಡಗು ಹತ್ತಿ ಮಾಯವಾಯಿತು. ಕಳ್ಳ ಕದ್ದದ್ದು ಕೇಳಿದ್ದೇವೆ. ಸರಕಾರದ ಲೆಕ್ಕದಲ್ಲಿದ್ದ ಗುಡ್ಡವೇ ಕಳುವಾದದ್ದು ಅಪರೂಪ.

ಆ ವರ್ಷದ ಜುಲೈನಲ್ಲಿ ರಾಜ್ಯ ಸರಕಾರ ಅದಿರು ರಫ್ತನ್ನು ನಿಷೇಧಿಸಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈ 27ಕ್ಕೆ ಕೊಟ್ಟ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದಿತು. ಕಾಡಿನಲ್ಲಿ ನಡೆದು ಗಡಿಕಲ್ಲು ಅಳೆದ ತನಿಖಾ ತಂಡದ ಮುಂದಾಳು ಅರಣ್ಯಾಧಿಕಾರಿ ಡಾ. ಯು.ವಿ. ಸಿಂಗ್. ಎರಡು ದಿನದ ಮೇಲೆ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಗಸ್ಟ್ 26ಕ್ಕೆ ಚಿತ್ರದುರ್ಗ, ತುಮಕೂರಿನ ಸರದಿ.

ಈಗ ಪ್ರಶ್ನೆ: ಆ ಕೇಸು ಹಾಕಿದವರು ಯಾರು? ದಿಲ್ಲಿಯವರಲ್ಲ, ಬೆಂಗಳೂರಿನವರಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ, ನಮ್ಮ ಧಾರವಾಡದ್ದು. 2009ರ 562ನೇ ರಿಟ್ ಅರ್ಜಿ. ಧಾರವಾಡವೆಂದರೆ ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರ್. ಲಾರಿ ಹೋದ ದಾರಿಯ ಪಕ್ಕದವರೇ ಕೋರ್ಟಿನ ದಾರಿ ಹಿಡಿದರು.

◆ 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳಿಗೆ ಶಾಲೆಯ ಮಕ್ಕಳಂತೆ ಎ, ಬಿ, ಸಿ ದರ್ಜೆ ಕೊಟ್ಟರು. ಹೆಚ್ಚು ಅತಿಕ್ರಮಿಸಿದ ‘ಸಿ’ ಗಣಿಗಳ ಗುತ್ತಿಗೆ ರದ್ದು. ಉಳಿದವರು ಗುಡ್ಡವನ್ನು ಹೇಗೆ ಸರಿಪಡಿಸುತ್ತೇವೆಂದು ಯೋಜನೆ ಬರೆದು ಒಪ್ಪಿಸಿದ ಮೇಲೆಯೇ ಪಿಕಾಸಿ ಎತ್ತಬೇಕು. ಮಾರಾಟ ಇ-ಹರಾಜಿನಲ್ಲಿ. ಎಲ್ಲಕ್ಕಿಂತ ಹೊಸದು ವರ್ಷಕ್ಕಿಷ್ಟೇ ಎಂಬ ಮಿತಿ: ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ-ತುಮಕೂರಿಗೆ 50 ಲಕ್ಷ ಟನ್. ‘ನೆಲ ತಾಳಿಕೊಳ್ಳುವಷ್ಟು ಮಾತ್ರ’ ಎಂಬುದನ್ನು ಅಂಕಿಯಲ್ಲಿ ಬರೆದ ತೀರ್ಪು ಇದು, ವಿಶ್ವಸಂಸ್ಥೆಯ ಪಟ್ಟಿಗಿಂತ ಎರಡು ವರ್ಷ ಮೊದಲು.

◆ ಮಿತಿಯೂ ಬೆಳೆಯುತ್ತದೆ ಎಂಬುದು ಗೊತ್ತೇ? ಒಟ್ಟು 3 ಕೋಟಿ ಇದ್ದದ್ದು 2017ರ ಡಿಸೆಂಬರ್‌ನಲ್ಲಿ 3.5 ಕೋಟಿ, 2022ರ ಆಗಸ್ಟ್‌ನಲ್ಲಿ 5 ಕೋಟಿ ಟನ್. ರಫ್ತಿನ ಬಾಗಿಲೂ 2022ರ ಮೇ 20ಕ್ಕೆ ಮತ್ತೆ ತೆರೆಯಿತು. ಎರಡೇ ದಿನ! ಮೇ 22ಕ್ಕೆ ಕೇಂದ್ರ ಸರಕಾರ ಅದಿರಿನ ಮೇಲೆ ಶೇ. 50 ರಫ್ತು ಸುಂಕ ಹೇರಿತು. ನವೆಂಬರ್ 19ಕ್ಕೆ ಹೇರಿಕೆ ವಾಪಸ್. ನೀತಿಯನ್ನು ಗುರಿಗಳಿಗೆ ಹೊಂದಿಸುವುದು ಅಂದರೆ ಇದೇನಾ ಎಂದು ನನ್ನನ್ನು ಕೇಳಬೇಡಿ.

◆ 2009-10ರಲ್ಲಿ ಭಾರತ 11 ಕೋಟಿ ಟನ್ನಿಗೂ ಹೆಚ್ಚು ಅದಿರು ಹೊರಗೆ ಕಳಿಸಿತು. 2014-15ರಲ್ಲಿ ಒಂದು ಕೋಟಿ ಟನ್ನಿಗೂ ಹೆಚ್ಚು ಒಳಗೆ ತರಿಸಿಕೊಂಡಿತು, ಕಳಿಸಿದ್ದಕ್ಕಿಂತ ತರಿಸಿದ್ದೇ ಜಾಸ್ತಿ. ಮನೆಯ ಜೋಳ ಮಾರಿ ಪೇಟೆಯಿಂದ ಹಿಟ್ಟು ತಂದ ಲೆಕ್ಕ.

◆ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಅಡಿಗಲ್ಲು ಇಟ್ಟದ್ದು 1971ರಲ್ಲಿ. ಸರಕಾರಿ ಕಾರ್ಖಾನೆ ಮೇಲೇಳಲೇ ಇಲ್ಲ. ಅಲ್ಲಿ ಉಕ್ಕು ಕಾಯಿಸಿದ್ದು 1990ರ ದಶಕದಲ್ಲಿ ಬಂದ ಜಿಂದಾಲ್. ನಡುವಿನ ವರ್ಷಗಳಲ್ಲಿ ಮಣ್ಣು ಮಣ್ಣಾಗಿಯೇ ಹಡಗು ಹತ್ತಿತು.

◆ ಕಚ್ಚಾ ಸರಕು ಕಳಿಸುವುದಿಲ್ಲ, ಬೇಕಾದರೆ ಇಲ್ಲೇ ಬಂದು ಕಾರ್ಖಾನೆ ಹಾಕಿ ಎಂದ ದೇಶ ಇಂಡೊನೇಷ್ಯಾ. ನಿಕಲ್ ಅದಿರಿನ ರಫ್ತನ್ನು 2014ರಲ್ಲಿ ನಿಲ್ಲಿಸಿ, 2017ರಲ್ಲಿ ಸಡಿಲಿಸಿ, 2020ರ ಜನವರಿಯಿಂದ ಮತ್ತೆ ಬಂದ್ ಮಾಡಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2022ರಲ್ಲಿ ಸೋತರೂ ಜಗ್ಗಲಿಲ್ಲ, ಮೇಲ್ಮನವಿ ಹಾಕಿತು. ಕಾರ್ಖಾನೆಗಳೇನೋ ಬಂದವು. ಎಲೆಕ್ಟ್ರಿಕ್ ವಾಹನದ ಬ್ಯಾಟರಿಗೆ ಹೋಗುವ ನಿಕಲ್ ಕರಗಿಸಲು ಅಲ್ಲಿ ಸುಡುವುದು ಕಲ್ಲಿದ್ದಲು.

◆ ಬೋಟ್ಸ್ವಾನಾದ ನಾಣ್ಯದ ಹೆಸರು ‘ಪುಲಾ’. ಅರ್ಥ: ಮಳೆ. 1966ರಲ್ಲಿ ಸ್ವತಂತ್ರವಾದ ಆ ಮರಳುಗಾಡಿನ ದೇಶದಲ್ಲಿ ಮರುವರ್ಷವೇ ವಜ್ರ ಸಿಕ್ಕಿತು. ವಜ್ರದ ಗಳಿಕೆಯಲ್ಲಿ ಒಂದಷ್ಟನ್ನು ಮುಂದಿನವರಿಗೆ ಎತ್ತಿಡುವ ನಿಧಿಗೂ ಪುಲಾ ಎಂದೇ ಹೆಸರು. ದುಡ್ಡಿಗೆ ಮಳೆಯ ಹೆಸರಿಟ್ಟವರ ಸಂಕಟ ನವಲಗುಂದದ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ.

◆ ನಾರ್ವೆಯವರು 1969ರಲ್ಲಿ ತೈಲ ಕಂಡರು, 1990ರಲ್ಲಿ ನಿಧಿಗೆ ಕಾನೂನು ಮಾಡಿದರು, 1996ರಲ್ಲಿ ಮೊದಲ ಕಂತು ಕಟ್ಟಿದರು. ಈಗ ಅದರಲ್ಲಿ ಒಂದು ಲಕ್ಷ ಕೋಟಿ ಡಾಲರಿಗೂ ಮೀರಿದ ಹಣ. ವರ್ಷಕ್ಕೆ ಸುಮಾರು ಶೇ. 3 ಮಾತ್ರ ಖರ್ಚು ಮಾಡುವ ನಿಯಮ. ನಮಗೂ ಅದಕ್ಕೂ ಏನು ಸಂಬಂಧ ಅಂತೀರಾ? ಭಾರತದಲ್ಲಿ ಪರಿಸರ ಮತ್ತು ಮಾನವ ಹಕ್ಕಿಗೆ ಧಕ್ಕೆ ತಂದಿದೆ ಎಂದು ಆ ನಿಧಿ 2007ರಲ್ಲಿ ವೇದಾಂತ ಕಂಪನಿಯ ಷೇರುಗಳನ್ನು ಹೊರಗಿಟ್ಟಿತು. ಅದೇ ವರ್ಷ ವೇದಾಂತ ಕೊಂಡುಕೊಂಡದ್ದು ಸೇಸಾ ಗೋವಾವನ್ನು, ಅಂದರೆ ಚಿತ್ರದುರ್ಗದಲ್ಲಿ ಅದಿರು ತೆಗೆಯುತ್ತಿದ್ದ ಕಂಪನಿಯನ್ನು. ಸಮುದ್ರದಡಿಯ ತೈಲ ಮಾರಿದ ದುಡ್ಡು ನಮ್ಮ ಗುಡ್ಡದ ಬಗ್ಗೆ ಕಾಳಜಿ ತೋರಿಸುತ್ತದೆ ಎಂದರೆ ನಗಬೇಕೋ ಮೆಚ್ಚಬೇಕೋ ತಿಳಿಯದು.

◆ ಅಂಥದೇ ನಿಧಿ ನಮ್ಮ ಪಕ್ಕದ ಮನೆಯಲ್ಲೂ ಇದೆ. ಗೋವಾ ಫೌಂಡೇಶನ್ ಹಾಕಿದ ಕೇಸಿನಲ್ಲಿ 2014ರ ಏಪ್ರಿಲ್ 21ರಂದು ಸುಪ್ರೀಂ ಕೋರ್ಟ್, ಅದಿರು ಮಾರಿದ ಹಣದ ಶೇ. 10ನ್ನು ಶಾಶ್ವತ ನಿಧಿಯಲ್ಲಿಡಿ, ಇನ್ನೂ ಹುಟ್ಟದವರಿಗೂ ಅದರಲ್ಲಿ ಪಾಲಿದೆ ಎಂದಿತು.

◆ ಕರ್ನಾಟಕದಲ್ಲಿ ಬೇರೆ ದಾರಿ. ಗಣಿ ಬಾಧಿತ ಊರುಗಳನ್ನು ಸರಿಪಡಿಸಲೆಂದೇ ಒಂದು ನಿಗಮ ಹುಟ್ಟಿತು. ಅದಿರು ಮಾರಿದ ಹಣದ ಪಾಲು ಬಂದು ಸೇರುತ್ತ ಹೋಯಿತು. ಸುಮಾರು 25 ಸಾವಿರ ಕೋಟಿಯ ಯೋಜನೆಗೆ ಖರ್ಚಿನ ದಾರಿ ತೆರೆದದ್ದು ಮಾತ್ರ 2022ರಲ್ಲಿ, ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಉಸ್ತುವಾರಿಯಲ್ಲಿ. ಇದಲ್ಲದೆ 2015ರ ಕಾನೂನಿನಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬೇರೆ. ಹಳೆಯ ಗುತ್ತಿಗೆಯಾದರೆ ರಾಜಧನದ ರೂಪಾಯಿಗೆ 30 ಪೈಸೆ, ಹರಾಜಿನ ಗುತ್ತಿಗೆಯಾದರೆ 10 ಪೈಸೆ ಆ ಜಿಲ್ಲೆಗೇ. ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಮೊದಲ ಪಾಳಿ ಎಂದು ನಿಯಮ. ಆ ಕಾನೂನಿಗೆ 13 ವರ್ಷ ಮೊದಲು ನಂಜುಂಡಪ್ಪನವರ ಪಟ್ಟಿ ಅಳೆದದ್ದೂ ಹೆಚ್ಚುಕಡಿಮೆ ಇವನ್ನೇ.

◆ 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಎಂಟು-ಒಂದರ ಬಹುಮತದಿಂದ, ರಾಜಧನ ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಎಂದಿತು. ಆ ಡಿಸೆಂಬರ್‌ನಲ್ಲೇ ಕರ್ನಾಟಕದ ಶಾಸನಸಭೆ ಮಸೂದೆ ಪಾಸು ಮಾಡಿತು. ಇಷ್ಟು ಚುರುಕು ಬೇರೆ ವಿಷಯಗಳಲ್ಲಿ ಕಂಡದ್ದು ಕಡಿಮೆ.

◆ ಕುದುರೆಮುಖದ ಗಣಿಗೆ ದುಡ್ಡು ಹಾಕಲು ಬಂದವರು ಇರಾನಿನ ಷಾ ದೊರೆ. 1976ರಲ್ಲಿ ಕಂಪನಿ ಶುರು, 1979ರಲ್ಲಿ ಅಲ್ಲಿ ಕ್ರಾಂತಿ, ಕೊಳ್ಳುವವನೇ ನಾಪತ್ತೆ! ಬೆಟ್ಟದ ಅದಿರನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ. 2002ರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕೆಸರು ಅಲ್ಲೇ ಇದೆ. ಅಂಥ ಕೆಸರಿನ ಕಟ್ಟೆ ಒಡೆದರೆ ಏನಾಗುತ್ತದೆ ಎಂಬುದನ್ನು ಬ್ರೆಜಿಲ್ 2019ರ ಜನವರಿ 25ರಂದು ಕಂಡಿತು. ಬ್ರುಮಡಿನ್ಯೊದಲ್ಲಿ 270 ಜನ ಸತ್ತರು. ಕೆಸರಿನ ಮೇಲೇ ಕಟ್ಟೆ ಏರಿಸುತ್ತ ಹೋಗುವ ಆ ಅಗ್ಗದ ವಿಧಾನವನ್ನು ಬ್ರೆಜಿಲ್ ನಿಷೇಧಿಸಿದ್ದು ಆಮೇಲೆ.

◆ ಗದಗಿನ ಕಪ್ಪತಗುಡ್ಡದಲ್ಲಿ ಚಿನ್ನವಿದೆ. ಬ್ರಿಟಿಷರ ಕಾಲದಲ್ಲೇ ಅಗೆದ ಗುರುತುಗಳಿವೆ. 2015ರಲ್ಲಿ ಸಂರಕ್ಷಿತ ಪ್ರದೇಶ ಎಂದರು, 2016ರಲ್ಲಿ ಸದ್ದಿಲ್ಲದೆ ಆ ಆದೇಶ ಹಿಂಪಡೆದರು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಬೀದಿಗಿಳಿದರು. 2017ರಲ್ಲಿ ಆದೇಶ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಇದೇ ಸ್ವಾಮೀಜಿ 2011ರಲ್ಲಿ ಹಳ್ಳಿಗುಡಿಯ ರೈತರ ಜೊತೆ ನಿಂತು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಬಿಡಲಿಲ್ಲ. ಆ 32 ಸಾವಿರ ಕೋಟಿಯ ಯೋಜನೆ ಕೈಬಿಟ್ಟುಹೋಯಿತು. ಅದಿರು ಇಲ್ಲೇ ಉಕ್ಕಾಗಬೇಕು ಅನ್ನುವುದೂ ಸರಿ, ಎರೆಹೊಲ ಬಿಡುವುದಿಲ್ಲ ಅನ್ನುವುದೂ ಸರಿ. ನನಗೆ ಇಂದಿಗೂ ಎರಡರ ನಡುವೆ ತೀರ್ಮಾನ ಮಾಡಲಾಗಿಲ್ಲ.

◆ ಎಕ್ವಡಾರ್‌ನಲ್ಲಿ ಈ ತೀರ್ಮಾನವನ್ನು ಜನರಿಗೇ ಬಿಟ್ಟರು. 2023ರ ಆಗಸ್ಟ್ 20ರಂದು ಯಾಸುನಿ ಕಾಡಿನ ತೈಲ ನೆಲದೊಳಗೇ ಇರಲಿ ಎಂದು ಸುಮಾರು ಶೇ. 59 ಮತ.

◆ ಮುಗಿಯದ ಸರಕು ಮಾರುವ ದೇಶವೂ ಇದೆ: ಭೂತಾನ್. ನದಿಯ ವಿದ್ಯುತ್ತನ್ನು ಭಾರತಕ್ಕೆ ಮಾರುತ್ತದೆ. ಶೇ. 60 ನೆಲ ಸದಾ ಕಾಡಾಗಿಯೇ ಇರಬೇಕೆಂದು ಸಂವಿಧಾನದಲ್ಲೇ ಬರೆದುಕೊಂಡಿದೆ. ಕಾಡಿದ್ದರೆ ನದಿ, ನದಿಯಿದ್ದರೆ ಕರೆಂಟು.

◆ ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13 ಸಾವಿರ ಎಕರೆ ಬೇಕಾಯಿತು, ಒಂದು ಎಕರೆಯನ್ನೂ ಸರಕಾರ ಕೊಳ್ಳಲಿಲ್ಲ. ರೈತರಿಂದ ಬಾಡಿಗೆಗೆ ಪಡೆದರು, ಶುರುವಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಪಹಣಿಯಲ್ಲಿ ಹೆಸರು ರೈತನದ್ದೇ. ಬಿಸಿಲನ್ನು ಶಪಿಸುತ್ತಿದ್ದ ತಾಲೂಕು ಅದನ್ನೇ ಬಾಡಿಗೆಗೆ ಬಿಟ್ಟಿದೆ. ಹೊಲವಿಲ್ಲದ ಕೂಲಿಯವರಿಗೆ ಬಾಡಿಗೆ ಯಾರು ಕೊಡಬೇಕು ಎಂಬುದು ಬೇರೆ ಮಾತು.

◆ ಹುಬ್ಬಳ್ಳಿ-ಅಂಕೋಲೆ ರೈಲು ಮಾರ್ಗದ ಮಾತು ಕೇಳುತ್ತಲೇ ನಮ್ಮೂರಿನ ಒಂದು ಪೀಳಿಗೆಗೆ ತಲೆ ನರೆಯಿತು. ಸುಮಾರು 165 ಕಿಲೋಮೀಟರ್, ಹೋಗಬೇಕಾದ ಕಾಡು 600 ಹೆಕ್ಟೇರಿನ ಆಸುಪಾಸು. ಶುರುವಿನಲ್ಲಿ ಅದರ ಪರವಾದ ದೊಡ್ಡ ವಾದವೇ ಅದಿರು ಸಾಗಣೆ. ಅದಿರಿನ ವಾದ ಹಳತಾಗಿದೆ, ಮಾರ್ಗದ ಬೇಡಿಕೆ ಮಾತ್ರ ಇನ್ನೂ ತಾಜಾ.

◆ ಹಳೇ ಹಳಿಯ ಮೇಲೆ ಈಗ ಏನು ಓಡುತ್ತದೆ? ಮುರ್ಗಾವದಲ್ಲಿ ಇಳಿದ ವಿದೇಶಿ ಕಲ್ಲಿದ್ದಲು ಕುಳೆಮ್‌ನಿಂದ ಕ್ಯಾಸಲ್‌ರಾಕ್‌ಗೆ ಏರಿ ಹುಬ್ಬಳ್ಳಿ ಹಾದು ಬಳ್ಳಾರಿಯ ಕುಲುಮೆಗೆ ಹೋಗುತ್ತದೆ. ಘಟ್ಟದ ಏರು 37 ಅಡಿಗೆ ಒಂದಡಿ, ಹಾಗಾಗಿ ಗಾಡಿಯ ಮುಂದೆ-ಹಿಂದೆ ಸೇರಿಸಿ ಹಲವು ಎಂಜಿನ್ ಕಟ್ಟಬೇಕು. ದೂಧಸಾಗರದ ಕಾಡಿನಲ್ಲಿ ಈ ಹಳಿಯನ್ನು ಜೋಡಿಯಾಗಿಸಲು ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಒಮ್ಮೆ ಅದಿರು ಇಳಿದ ದಾರಿಯಲ್ಲೇ ಈಗ ಇದ್ದಲು ಹತ್ತುತ್ತದೆ, ಗೋವಾದವರ ಮನೆಯ ಅಟ್ಟದ ಮೇಲೆ ಕಪ್ಪು ಪುಡಿ ಬಿಟ್ಟು.

◆ ಎಲ್ಲ ರಫ್ತೂ ನೆಲ ಅಗೆಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣ ಓಲಿಯೊರೆಸಿನ್ ಆಗಿ ಹಡಗು ಹತ್ತಿ ತುಟಿಯ ರಂಗಿಗೂ ಹೋಗುತ್ತದೆ. ಗಣಿಯೂರು ಸಂಡೂರಿನಿಂದಲೇ ಲಂಬಾಣಿ ಕಸೂತಿಯೂ ಹೊರಡುತ್ತದೆ, ಅದಕ್ಕೆ ಜಿಐ ಗುರುತೂ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯಲ್ಲಿ 1,755 ಲಂಬಾಣಿ ಕುಸುರಿಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು.

◆ ಕೊನೆಯದು. ಮಾವ ಕೊಟ್ಟ ಆ ಕಲ್ಲು ಇಂದಿಗೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ಲಾರಿಗಳು 2011ರಲ್ಲೇ ಫೈನಾನ್ಸಿನವರ ಪಾಲಾದವು. ಮೊನ್ನೆ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆ, 720 ಗ್ರಾಂ. ಟನ್ನಿಗೆ 27 ರೂಪಾಯಿಯ ಲೆಕ್ಕದಲ್ಲಿ ಇದರ ರಾಜಧನ ಎಷ್ಟಾಗುತ್ತದೆ ಗೊತ್ತೇ? ಎರಡು ಪೈಸೆ ತುಂಬುವುದಿಲ್ಲ. ಈಗ ಸರಕಾರ ಚಿಲ್ಲರೆ ಕೇಳಿದರೂ ಕೊಡಲಾಗುವುದಿಲ್ಲ: 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ ನಿಂತದ್ದು 2011ರ ಜೂನ್ 30ಕ್ಕೆ, ಬಳ್ಳಾರಿಯ ಗಣಿ ನಿಲ್ಲುವ ಒಂದು ತಿಂಗಳ ಮೊದಲು.